ಅಂಗಳದ ಮೂರನೆಯ ರಂಗೋಲಿ

ಚಿತ್ರದುರ್ಗ ಜಿಲ್ಲೆಯಲ್ಲಿ ವೈದ್ಯವೃತ್ತಿ ಮಾಡಿ ಹೆಸರಾದವರು ಅನೇಕರಿದ್ದಾರೆ. ಆದರೆ ಹಗಲಿನಲ್ಲಿ ರೋಗಿಗಳ ಕಣ್ಣನ್ನೂ ಕತ್ತಲಾದ ಮೇಲೆ ಆಕಾಶದ ನಕ್ಷತ್ರಗಳನ್ನೂ ಒಂದೇ ತಾಳ್ಮೆಯಿಂದ ನೋಡಿ, ಒಂದರಲ್ಲಿ ಕಲಿತದ್ದನ್ನು ಇನ್ನೊಂದಕ್ಕೆ ಬಳಸಿದವರು ನನಗೆ ತಿಳಿದಂತೆ ಡಾ. ರೆಹಾನಾ ಅವರೊಬ್ಬರೇ. ಮೈಯಲ್ಲಿ ತಾಮ್ರ ಕೂಡಿಕೊಂಡು ಮಕ್ಕಳ ಕೈಕಾಲು, ಮಾತು, ಕೊನೆಗೆ ಜೀವವನ್ನೇ ಕಳೆಯುವ ವಿಲ್ಸನ್ ಕಾಯಿಲೆ ಎಂಬ ಅಪರೂಪದ ರೋಗವನ್ನು ಚಿತ್ರದುರ್ಗ, ಹಿರಿಯೂರು, ಹೊಸದುರ್ಗ, ಹೊಳಲ್ಕೆರೆ ತಾಲ್ಲೂಕುಗಳಲ್ಲಿ ಹುಡುಕಿ ಹುಡುಕಿ ಚಿಕಿತ್ಸೆ ಕೊಟ್ಟ ಅವರ ಸಂಶೋಧನೆಯ ವಿಷಯವನ್ನು ಈ ಅಭಿನಂದನಾ ಸಂಪುಟದಲ್ಲಿ ಬಲ್ಲವರು ಬರೆದಿದ್ದಾರೆ. ನಾನು ಬರೆಯುವುದು ಅಷ್ಟು ದೊಡ್ಡದಲ್ಲ. ಹೊಸದುರ್ಗದ ಸರ್ಕಾರಿ ಆಸ್ಪತ್ರೆಯಲ್ಲಿ ಅವರ ಕೈಕೆಳಗೆ ಆಯಾ ಆಗಿದ್ದವಳು ನಾನು, ಐವತ್ತು ದಾಟಿದ ಮೇಲೆ ರಾತ್ರಿ ಶಾಲೆಯಲ್ಲಿ ಅಕ್ಷರ ಕಲಿತವಳು. ಅವರು ಈ ರೋಗವನ್ನು ಮೊದಲು ಗುರುತಿಸಿದ್ದು ನನ್ನ ಮೊಮ್ಮಗಳಲ್ಲಿ. ಆ ಋಣದಿಂದಲೇ ಪೆನ್ನು ಹಿಡಿದಿದ್ದೇನೆ. ಓದುವವರು ತಪ್ಪು ಒಪ್ಪುಗಳನ್ನು ಹೊಟ್ಟೆಗೆ ಹಾಕಿಕೊಳ್ಳಬೇಕು.

ಡಾಕ್ಟರಮ್ಮನವರು ಹುಟ್ಟಿದ್ದು ಚಿತ್ರದುರ್ಗದಲ್ಲಿ. ತಂದೆ ಲಾಲ್ ಸಾಬ್ ಅವರದು ಕಲಾಯಿ ಕಸುಬು. ತಾಮ್ರದ ಪಾತ್ರೆಯ ಒಳಮೈಗೆ ತವರ ಬಳಿದು, ಸಾರು ಹುಳಿಗೆ ತಾಮ್ರ ಇಳಿಯದಂತೆ ಕಾಯುವ ಕೆಲಸ. ರಂಜಾನ್ ಮುಗಿಯುವ ಸಂಜೆ ಅವರು ಪುಟ್ಟ ಮಗಳನ್ನು ಹೆಗಲ ಮೇಲೆ ಕೂರಿಸಿಕೊಂಡು ಮಾಳಿಗೆ ಹತ್ತಿ, ಕೂದಲೆಳೆಯಂಥ ಚಂದ್ರನನ್ನು ಹುಡುಕಿಸುತ್ತಿದ್ದರಂತೆ. ಕಂಡಂತಾಯಿತು ಎಂದು ಹೇಳಬಾರದು, ಕಂಡರೆ ಕಂಡೆ ಎನ್ನಬೇಕು, ಇಲ್ಲದಿದ್ದರೆ ಇಲ್ಲ ಎನ್ನಬೇಕು ಎಂಬುದು ಅವರ ಕಟ್ಟಳೆ. ಡಾಕ್ಟರಮ್ಮನವರು ಮೈಸೂರಿನಲ್ಲಿ ವೈದ್ಯಕೀಯ ಓದಿ, ಹಿರಿಯೂರು ಹೊಳಲ್ಕೆರೆಗಳಲ್ಲಿ ಸೇವೆ ಸಲ್ಲಿಸಿ, ೧೯೬೯ರಲ್ಲಿ ನಮ್ಮ ಹೊಸದುರ್ಗಕ್ಕೆ ಬಂದಾಗ ಅವರ ಸಾಮಾನಿನ ಗಾಡಿಯಲ್ಲಿ ಎಲ್ಲಕ್ಕಿಂತ ಜೋಪಾನವಾಗಿ, ಎರಡು ದಿಂಬುಗಳ ನಡುವೆ ಮಲಗಿ ಬಂದದ್ದು ಒಂದು ದುರ್ಬೀನು. ಆಸ್ಪತ್ರೆಯಲ್ಲಿ ನಾವೆಲ್ಲ ಅದನ್ನು ಯಾವುದೋ ಆಪರೇಷನ್ನಿನ ಸಾಮಾನು ಎಂದುಕೊಂಡಿದ್ದೆವು.

ಆಗ ನಾನು ಔಷಧಿಯ ಡಬ್ಬಿಗಳನ್ನು ಬಣ್ಣದಿಂದ ಗುರುತು ಹಿಡಿಯುತ್ತಿದ್ದೆ. ಅದು ಅವರ ಕಣ್ಣಿಗೆ ಬಿದ್ದ ದಿನ ಬೈಯಲಿಲ್ಲ. ನನ್ನ ಸಂಜೆಯ ಪಾಳಿ ಬದಲಾಯಿಸಿ, ಮುರುಗಪ್ಪ ಮೇಷ್ಟ್ರ ರಾತ್ರಿ ಶಾಲೆಗೆ ತಾವೇ ಕರೆದುಕೊಂಡು ಹೋಗಿ ಕೂರಿಸಿದರು. ಶಾಲೆ ಬಿಟ್ಟು ಮನೆಗೆ ಹೋಗುವ ದಾರಿಯಲ್ಲೇ ಅವರ ಕ್ವಾರ್ಟರ್ಸು. ಮಾಳಿಗೆಯ ಮೇಲಿಂದ "ಓಬಮ್ಮ, ಸ್ಲೇಟು ಐತೇನ್ರಿ? ಮ್ಯಾಕೆ ಬರ್ರಿ" ಎಂದು ಕೂಗುತ್ತಿದ್ದರು. ಕತ್ತಲಿಗೆ ಹೊಂದಿಕೊಂಡ ಕಣ್ಣು ದೀಪ ಕಂಡರೆ ಕೆಡುವುದರಿಂದ, ಅವರು ದುರ್ಬೀನಿನಿಂದ ಕಣ್ಣು ತೆಗೆಯದೆ ನಕ್ಷತ್ರದ ಬೆಳಕಿನ ಅಳತೆಯ ಅಂಕಿ ಹೇಳುವುದು, ನಾನು ಕತ್ತಲಲ್ಲೇ ಸ್ಲೇಟಿನ ಮೇಲೆ ಬರೆಯುವುದು. ಬೆಳಿಗ್ಗೆ ನೋಡಿದರೆ ಏಳರ ಹೆಗಲ ಮೇಲೆ ಮೂರು ಹತ್ತಿ ಕುಳಿತಿರುತ್ತಿತ್ತು. "ನಿಮ್ಮ ಅಂಕಿಗಳು ಸಂತೆ ದಿನದ ಬಸ್ಸಿನಾಗೆ ಹೊಂಟಂಗೆ ಅವೆ" ಎಂದು ನಕ್ಕು, ಅದೇ ಸ್ಲೇಟನ್ನು ಹಿಡಿದು ನನ್ನ ಕೈ ತಿದ್ದುತ್ತಿದ್ದರು.

ಅವರು ನೋಡುತ್ತಿದ್ದದ್ದು ಕೆಂಪನೆಯ ಒಂದು ನಕ್ಷತ್ರ. ತಿಂಗಳುಗಟ್ಟಲೆ ಮಂಕಾಗುತ್ತಾ ಹೋಗಿ, ಮತ್ತೆ ಬೆಳಗುವಂಥದ್ದು. ಅದು ಮಂಕಾಯಿತೆಂದು ಗೊತ್ತಾಗುವುದು ಹೇಗೆ ಎಂದು ನಾನೊಮ್ಮೆ ಕೇಳಿದೆ.

"ಪಕ್ಕದ ನಕ್ಷತ್ರ ನೋಡ್ರಿ. ಅದು ಬದಲಾಗಲ್ಲ. ಅದಕ್ಕೆ ಹೋಲಿಸಿ ಹೇಳಬೇಕು. ನಿನ್ನೆ ಹಿಂಗಿತ್ತು ಅಂತ ನೆನಪಿನ ಮ್ಯಾಲೆ ಹೇಳಬಾರದು. ನೆನಪು ನಮಗೆ ಬೇಕಾದಂಗೆ ಹೇಳ್ತೈತೆ."

೧೯೭೨ರಲ್ಲಿ ನನ್ನ ಹಿರಿಯ ಮೊಮ್ಮಗಳು ಏಕಾಂತಮ್ಮನ ಕೈ ನಡುಗಲು ಶುರುವಾಯಿತು. ನನ್ನ ತಮ್ಮ ಬೋರಯ್ಯನಿಗೇ ನನ್ನ ಮಗಳು ಕೆಂಚಕ್ಕನನ್ನು ಕೊಟ್ಟಿದ್ದೆವು. ಅವರಿಗೆ ಇಬ್ಬರು ಹೆಣ್ಣುಮಕ್ಕಳು, ಏಕಾಂತಮ್ಮ ಮತ್ತು ಅವಳಿಗಿಂತ ಎರಡು ವರ್ಷಕ್ಕೆ ಚಿಕ್ಕವಳಾದ ದುರುಗಕ್ಕ. ನಡುಕದ ಹಿಂದೆಯೇ ಮಾತು ತೊದಲಿತು, ಬಾಯಿಯಿಂದ ಜೊಲ್ಲು ಸುರಿಯತೊಡಗಿತು, ಶಾಲೆಯಲ್ಲಿ ಮಕ್ಕಳು ಅಣಕಿಸಿದರು. ಗಾಳಿ ಸೋಕಿದೆ ಎಂದು ತಾಯಿತ ಕಟ್ಟಿಸಿದ್ದೂ ಆಯಿತು. ನಾನು ಡಾಕ್ಟರಮ್ಮನವರ ಹತ್ತಿರ ಕರೆದೊಯ್ದಾಗ ಅವರು ಮಗುವನ್ನು ಕಿಟಕಿಯ ಬಳಿ ನಿಲ್ಲಿಸಿ, ಬ್ಯಾಟರಿಯ ಬೆಳಕನ್ನು ಪಕ್ಕದಿಂದ ಹಾಯಿಸಿ, ಹೊರಗೆ ಸಾಲು ಬೆಳೆಯುತ್ತಿದ್ದರೂ ಅವಸರಪಡದೆ ಕಣ್ಣನ್ನೇ ನೋಡುತ್ತ ನಿಂತರು. ನಮ್ಮಂಥವರ ಕಪ್ಪು ಕಣ್ಣಿನಲ್ಲಿ ಸುಲಭವಾಗಿ ಕಾಣದ ಒಂದು ಕಂದು ಬಳೆ, ಪಾಪೆಯ ಸುತ್ತಿನ ಬಣ್ಣ ಮುಗಿಯುವ ಅಂಚಿನಲ್ಲಿ ಅವರಿಗೆ ಕಂಡಿತ್ತು. ತಾವೇ ಜೊತೆಗೆ ಬಂದು ಬೆಂಗಳೂರಿನ ದೊಡ್ಡ ಆಸ್ಪತ್ರೆಯಲ್ಲಿ ಪರೀಕ್ಷೆ ಮಾಡಿಸಿ, ಇದು ವಿಲ್ಸನ್ ಕಾಯಿಲೆಯೇ ಎಂದು ಖಚಿತಪಡಿಸಿಕೊಂಡರು.

ಊರಿಗೆ ಮರಳಿ ನಮ್ಮ ಮನೆಗೆ ಬಂದವರ ದೃಷ್ಟಿ ಮೊದಲು ಬಿದ್ದದ್ದು ತಾಮ್ರದ ಬಿಂದಿಗೆಯ ಮೇಲೆ. ತಾಮ್ರದಲ್ಲಿಟ್ಟ ನೀರು ಮೈಗೆ ಒಳ್ಳೆಯದೆಂದು, ಮಗು ಸೊರಗಿದಷ್ಟೂ ಕೆಂಚಕ್ಕ ಅದೇ ನೀರನ್ನು ಹೆಚ್ಚು ಕುಡಿಸಿದ್ದಳು.

"ನಮ್ಮಪ್ಪ ಬದುಕಿರೋತನಕ ತಾಮ್ರ ಜನರ ಹೊಟ್ಟೆಗೆ ಹೋಗದಂಗೆ ಕಲಾಯಿ ಬಳಿದ್ರು. ನೀವು ಬಿಂದಿಗೆಗಟ್ಟಲೆ ಕುಡಿಸ್ತಾ ಇದ್ದೀರಲ್ಲವ್ವ" ಎಂದರು. ಕೆಂಚಕ್ಕನ ಮುಖ ಕಂದಿದ್ದು ನೋಡಿ ಆ ಕೂಡಲೇ ಅವಳ ಪಕ್ಕ ಕುಳಿತು, "ಬಿಂದಿಗೆಯಿಂದ ಬಂದ ಕಾಯಿಲೆ ಅಲ್ಲ ಇದು. ಎಲ್ಲರ ಮೈಯೂ ಹೆಚ್ಚಿನ ತಾಮ್ರ ಹೊರಗೆ ಹಾಕ್ತೈತೆ. ಈ ಕೂಸಿನ ಮೈಗೆ ಅದು ಹುಟ್ಟಿನಿಂದ್ಲೇ ಬರಲ್ಲ. ಯಾರ ತಪ್ಪೂ ಇಲ್ಲ" ಎಂದು ಬಿಡಿಸಿ ಹೇಳಿದರು. ಶೇಂಗಾ, ಎಳ್ಳು, ಕೊಬ್ಬರಿ ಕೊಡಬಾರದೆಂದಾಗ, ಕಾಯಿ ಸುಲಿದು ಬದುಕುವ ಬೋರಯ್ಯ ತಡೆಯಲಾರದೆ, "ಹೊಸದುರ್ಗದಾಗೆ ಹುಟ್ಟಿದ ಕೂಸಿಗೆ ಕೊಬ್ಬರಿ ಬ್ಯಾಡ ಅಂದ್ರೆ ಇನ್ನೇನು ಮಣ್ಣು ತಿನ್ನಿಸಾಣೇನ್ರಿ?" ಎಂದ.

"ಮಣ್ಣು ತಿನ್ನಿಸಬ್ಯಾಡ್ರಿ, ಮಣ್ಣಿನ ಗಡಿಗೇಲಿ ನೀರು ಕುಡಿಸ್ರಿ" ಎಂದು ಡಾಕ್ಟರಮ್ಮ ನಕ್ಕರು. ಬಿಂದಿಗೆ ಅಟ್ಟ ಸೇರಿತು.

ಮೈಯ ತಾಮ್ರವನ್ನು ಮೂತ್ರದಲ್ಲಿ ಹೊರಗೆ ಹಾಕಿಸುವ ಮಾತ್ರೆಗಳು ನಮ್ಮ ದೇಶದಲ್ಲಿ ಆಗ ಸಿಗುವುದೇ ದುರ್ಲಭ. ಪರದೇಶದಲ್ಲಿ ನಕ್ಷತ್ರ ನೋಡುವ ಗೆಳೆಯರಿಗೆ ಬರೆದು ತರಿಸಿಕೊಂಡರು. ಆದರೆ ಮಾತ್ರೆ ಶುರುವಾದ ಮೇಲೆ ಮಗು ಸುಧಾರಿಸುವ ಬದಲು ಇನ್ನೂ ಕೆಟ್ಟಿತು. ಇದ್ದ ನಾಲ್ಕು ಮಾತೂ ನಿಂತವು, ಲೋಟ ಹಿಡಿಯಲಾರದಾಯಿತು. ಮೊದಲಿಗೆ ಹೀಗಾಗುವುದುಂಟು ಎಂದು ಡಾಕ್ಟರಮ್ಮ ಮೊದಲೇ ಹೇಳಿದ್ದರೂ ಕಣ್ಣೆದುರಿಗೆ ಕಂಡಾಗ ಯಾರ ಎದೆ ತಡೆದೀತು. ಮಾತ್ರೆ ನಿಲ್ಲಿಸಬೇಕೆಂದು ಬೋರಯ್ಯ ಹಟ ಹಿಡಿದ. ಆಗ ಅವರು ಕೇಳಿಕೊಂಡದ್ದು ಒಂದೇ: ಪ್ರತಿ ಶುಕ್ರವಾರ ಬೆಳಿಗ್ಗೆ ಅಕ್ಕ ತಂಗಿ ಇಬ್ಬರೂ ಅಂಗಳದಲ್ಲಿ ಒಂದೇ ಲೆಕ್ಕದ ಚುಕ್ಕಿಯ ಒಂದೇ ರಂಗೋಲಿಯನ್ನು ಪಕ್ಕಪಕ್ಕ ಹಾಕಬೇಕು, ಕೆಲಸಕ್ಕೆ ಹೋಗುವ ಮುಂಚೆ ತಾವು ಬಂದು ನೋಡಬೇಕು.

"ಕೈ ನಡುಗೋ ಕೂಸಿನ ಕೈಲಿ ರಂಗೋಲಿ ಹಾಕ್ಸಿ ತಮಾಷಿ ನೋಡಾಕೆ ಬರ್ತೀರಾ?" ಎಂದು ಬೋರಯ್ಯ ಒರಟಾಗಿಯೇ ಕೇಳಿದ.

"ನೋಡಾಕೇ ಬರ್ತೀನಿ ಬೋರಯ್ಯ. ನೋಡದು ಬಿಟ್ರೆ ನಂಗೆ ಬೇರೆ ವಿದ್ಯೆ ಗೊತ್ತಿಲ್ಲ. ನೀವೂ ನನ್ ಜೊತೆ ನಿಂತು ನೋಡ್ರಿ. ದೀಪಾವಳಿತನಕ ನೋಡಾಣ. ಆಮೇಲೂ ಬ್ಯಾಡ ಅನ್ಸಿದ್ರೆ ನಿಲ್ಸಾಣ."

ಆ ಶುಕ್ರವಾರಗಳನ್ನು ನಾನು ಹೇಗೆ ವರ್ಣಿಸಲಿ. ಏಕಾಂತಮ್ಮನ ರಂಗೋಲಿ ಮೊದಮೊದಲು ಕೋಳಿ ಕೆದಕಿದ ಹಾಗೆ. ಪಕ್ಕದಲ್ಲಿ ದುರುಗಕ್ಕನದು ಅಚ್ಚು ಒತ್ತಿದ ಹಾಗೆ. ದೀಪಾವಳಿಯ ಹೊತ್ತಿಗೆ ಅಕ್ಕನ ಎಳೆಗಳು ಚುಕ್ಕಿಗಳನ್ನು ಸುತ್ತತೊಡಗಿದವು. ಬೋರಯ್ಯ ಮಾತ್ರೆಯ ಮಾತು ಬಿಟ್ಟು, ಶುಕ್ರವಾರ ಬಂತೆಂದರೆ ತಾನೇ ಎದ್ದು ಅಂಗಳಕ್ಕೆ ನೀರು ಹಾಕುವವನಾದ. ಒಂದೂವರೆ ವರ್ಷ ಕಳೆಯುವಷ್ಟರಲ್ಲಿ ಎರಡು ರಂಗೋಲಿಗಳೂ ಹೆಚ್ಚುಕಡಿಮೆ ಒಂದೇ ಸಮ ಕಾಣತೊಡಗಿ, ಕೆಂಚಕ್ಕ ಬೀದಿಯವರಿಗೆಲ್ಲ ಸಕ್ಕರೆ ಹಂಚಿದಳು.

ಡಾಕ್ಟರಮ್ಮನವರು ಮಾತ್ರ ಆ ದಿನ ಸಕ್ಕರೆ ಬಾಯಿಗೆ ಹಾಕಿಕೊಳ್ಳದೆ ರಂಗೋಲಿಗಳ ಮುಂದೆ ಬಹಳ ಹೊತ್ತು ಕುಕ್ಕರಗಾಲಲ್ಲಿ ಕುಳಿತಿದ್ದರು. ಅದಕ್ಕೆ ಸ್ವಲ್ಪ ಮುಂಚೆ ಆಕಾಶದಲ್ಲಿ ಒಂದು ವಿಚಿತ್ರ ನಡೆದಿತ್ತು. ಕೆಂಪು ನಕ್ಷತ್ರ ಬೆಳಗುತ್ತಿದೆ ಎಂದು ಅವರು ಲೆಕ್ಕ ಹಾಕುತ್ತಿದ್ದಾಗ, ದೂರದ ಇನ್ನೊಂದು ನಕ್ಷತ್ರಕ್ಕೆ ಹೋಲಿಸಿ ನೋಡಿದರೆ, ಬದಲಾಗುವುದಿಲ್ಲ ಎಂದು ನಂಬಿಕೊಂಡಿದ್ದ ಪಕ್ಕದ ನಕ್ಷತ್ರವೇ ಮೆಲ್ಲಗೆ ಮಂಕಾಗುತ್ತಿತ್ತು.

"ಓಬಮ್ಮ, ಹಿಟ್ಟು ತಗಳ್ರಿ. ಅದೇ ರಂಗೋಲಿ ನೀವೂ ಒಂದು ಹಾಕ್ರಿ" ಎಂದರು.

"ನಂಗ್ಯಾಕೆ ಡಾಕ್ಟರಮ್ಮ ಈ ವಯಸ್ಸಿನಾಗೆ?"

"ಹಾಕ್ರಿ ಅಂದೆ."

ಹಾಕಿದೆ. ಮೂರನ್ನೂ ಸೇರಿಸಿ ನೋಡಿದಾಗ ನನ್ನ ಕಣ್ಣಿಗೂ ಕಂಡಿತು. ಅಕ್ಕ ಏರಿದ್ದು ನಿಜ. ಆದರೆ ನಾವು ತಿಳಿದಷ್ಟಲ್ಲ. ಉಳಿದದ್ದು ತಂಗಿ ಇಳಿದದ್ದು. ದುರುಗಕ್ಕನ ಎಳೆಗಳು ತಿರುವಿನಲ್ಲಿ ಸಣ್ಣಗೆ ಒಡೆದಿದ್ದವು. ದಿನವೂ ನೋಡುತ್ತಿದ್ದ ನಮಗೆ ಅದು ಹೊಳೆದೇ ಇರಲಿಲ್ಲ.

ಡಾಕ್ಟರಮ್ಮ ದುರುಗಕ್ಕನನ್ನು ಬೆಳಕಿಗೆ ತಿರುಗಿಸಿ ನಿಲ್ಲಿಸಿದರು. ಎದುರಿನಿಂದ ಏನೂ ಕಾಣಲಿಲ್ಲ. ಕೆಳಗೆ ನೋಡಲು ಹೇಳಿ ಮೇಲಿನ ರೆಪ್ಪೆಯನ್ನು ಬೆರಳಿನಿಂದ ಎತ್ತಿದರು. ಅಲ್ಲಿ, ಮೇಲಂಚಿನಲ್ಲಿ ಮಾತ್ರ, ಇನ್ನೂ ಬಳೆಯಾಗದ ಒಂದು ತೆಳು ಕಂದು ಗೆರೆ, ಮೊದಲ ದಿನದ ಚಂದ್ರನಂತೆ. ಕೆಂಚಕ್ಕ ಹಿಂದಿನಿಂದ, "ಏನಾರ ಕಾಣ್ತಾ ಡಾಕ್ಟರಮ್ಮ?" ಎಂದಳು. ಇಲ್ಲ ಎಂಬ ಉತ್ತರಕ್ಕಾಗಿ ಅವಳು ಕಾಯುತ್ತಿದ್ದದ್ದು ಅವಳ ದನಿಯಲ್ಲೇ ಇತ್ತು.

"ಕಂಡೆ" ಎಂದರು ಅವರು. ಆಮೇಲೆ ನನ್ನನ್ನೂ ಕೆಂಚಕ್ಕ ಬೋರಯ್ಯನನ್ನೂ ಜಗಲಿಯ ಮೇಲೆ ಕೂರಿಸಿಕೊಂಡು, "ಅಕ್ಕನಿಗೆ ಐತೆ ಅಂತ ತಿಳಿದ ದಿನವೇ ತಂಗೀನೂ ಪರೀಕ್ಷೆ ಮಾಡಿಸಬೇಕಿತ್ತು. ಚೆನ್ನಾಗವಳೆ ಅಂತ ಅವಳನ್ನ ಅಳತೆಗೋಲು ಮಾಡ್ಕಂಡೆ. ತಪ್ಪು ನಂದು. ಹೊತ್ತು ಮೀರಿಲ್ಲ, ನಾಳೇನೇ ಬೆಂಗಳೂರಿಗೆ ಹೋಗಾಣ" ಎಂದರು. ಆಸ್ಪತ್ರೆಯಲ್ಲಿ ಎಷ್ಟೋ ವೈದ್ಯರನ್ನು ಕಂಡಿದ್ದೇನೆ. ಕೇಳುವವರಿಲ್ಲದಿರುವಾಗ ತಪ್ಪು ನಂದು ಎಂದು ತಾವಾಗಿಯೇ ಹೇಳಿದವರನ್ನು ಅಂದೇ ಕಂಡದ್ದು. ಬೋರಯ್ಯ ಬೈಯುತ್ತಾನೆಂದು ಹೆದರಿದ್ದೆ. ಅವನು ಒಳಗೆ ಹೋಗಿ ಅವರಿಗೆ ಮಜ್ಜಿಗೆ ತಂದುಕೊಟ್ಟ. ಕಾಯಿಲೆ ಬಲಿಯುವ ಮುಂಚೆಯೇ ಮಾತ್ರೆ ಬಿದ್ದುದರಿಂದ, ಬೆಂಗಳೂರಿಗೆ ಹೋದ ದಿನಗಳನ್ನು ಬಿಟ್ಟರೆ ದುರುಗಕ್ಕ ಒಂದು ದಿನವೂ ಶಾಲೆ ತಪ್ಪಿಸಲಿಲ್ಲ.

ಅವರ ಸಂಶೋಧನೆ ಎಂದು ಇಂದು ಎಲ್ಲರೂ ಹೊಗಳುವ ಕೆಲಸ ಶುರುವಾದದ್ದು ಆ ಜಗಲಿಯಿಂದ. ರಜೆಯ ದಿನಗಳಲ್ಲಿ ಬಸ್ಸು ಹಿಡಿದು ತುರುವನೂರು, ರಾಮಗಿರಿ, ಹಿರಿಯೂರಿನ ಕಡೆಯ ಹಳ್ಳಿಗಳನ್ನೆಲ್ಲ ಸುತ್ತಿ, ನಡುಕ ಬಂದ ಒಂದು ಮಗು ಸಿಕ್ಕಿದರೆ ಆ ಮಗುವಿನ ಅಣ್ಣ ತಮ್ಮ ಅಕ್ಕ ತಂಗಿಯರನ್ನೆಲ್ಲ ಸಾಲಾಗಿ ನಿಲ್ಲಿಸಿ ರೆಪ್ಪೆ ಎತ್ತಿ ನೋಡಿದರು. ಚೆನ್ನಾಗಿರುವ ಮಗುವನ್ನೇಕೆ ಮುಟ್ಟುತ್ತೀರಿ ಎಂದು ಜಗಳಕ್ಕೆ ಬಂದವರಿಗೆ ನನ್ನನ್ನು ತೋರಿಸಿ, "ಈ ಅಜ್ಜೀನ ಕೇಳ್ರಿ" ಎನ್ನುತ್ತಿದ್ದರು. ನಾನು ದುರುಗಕ್ಕನ ಕತೆ ಹೇಳುತ್ತಿದ್ದೆ. ಎಲ್ಲರೂ ಉಳಿದರೆಂದು ಬರೆದರೆ ಸುಳ್ಳಾಗುತ್ತದೆ. ತಡವಾಗಿ ಸಿಕ್ಕ ಮಕ್ಕಳು ಉಳಿಯಲಿಲ್ಲ. ಅಂಥ ಮನೆಗಳಿಗೂ ಅವರು ಹೋಗುವುದನ್ನು ಬಿಡಲಿಲ್ಲ.

೧೯೭೬ರ ಮಾರ್ಚಿನಲ್ಲಿ ಪೂರ್ವದ ಕಡೆ ಧೂಮಕೇತು ಕಂಡದ್ದು ಅನೇಕರಿಗೆ ನೆನಪಿರಬಹುದು. ಕೆಟ್ಟ ಕಾಲಕ್ಕೆ ಬಂದಿದೆ ಎಂದು ವಾರ್ಡಿನಲ್ಲಿ ಗುಸುಗುಸು ಎದ್ದಾಗ ಡಾಕ್ಟರಮ್ಮ, ನಡೆಯಬಲ್ಲವರನ್ನು ನಡೆಸಿ, ಆಗದವರನ್ನು ಕುರ್ಚಿಯಲ್ಲಿ ಹೊರಿಸಿ, ನಸುಕಿನಲ್ಲಿ ಎಲ್ಲರನ್ನೂ ಆಸ್ಪತ್ರೆಯ ಹಿಂದಿನ ಬಯಲಿಗೆ ಕರೆತಂದರು. ತೆಂಗಿನ ತೋಟದ ಮೇಲೆ ಅದು ಬಿಳಿಯ ಬಾಲ ಬಿಚ್ಚಿ ನಿಂತಿತ್ತು. ನೋಡಲೆಂದು ನಾನು ಕರೆತಂದಿದ್ದ ಏಕಾಂತಮ್ಮ ನನ್ನ ಪಕ್ಕದಿಂದ, ನಿಧಾನವಾಗಿ, ಆದರೆ ಒಂದಕ್ಷರವೂ ತೊದಲದೆ, "ಅಜ್ಜಿ, ಯಾರೋ ಪೊರಕೆ ಮರ್ತು ಬಿಟ್ಟೋಗವ್ರೆ" ಎಂದಳು. ರೋಗಿಗಳೆಲ್ಲ ನಕ್ಕರು. ಡಾಕ್ಟರಮ್ಮ ಧೂಮಕೇತುವನ್ನು ಬಿಟ್ಟು ಅವಳ ಕಡೆ ತಿರುಗಿದವರು ಬೆಳಕು ಹರಿಯುವವರೆಗೂ ಅವಳ ಜೊತೆ ಮಾತಾಡುತ್ತಲೇ ಇದ್ದರು.

ಈ ೧೯೭೯ರ ಜೂನಿನಲ್ಲಿ ಅವರು ನಿವೃತ್ತರಾದ ದಿನ ನಾನು, ಮೊಮ್ಮಕ್ಕಳಿಬ್ಬರು, ಮೂವರೂ ಹೊತ್ತಿಗೆ ಮುಂಚೆ ಹೋಗಿ ಅವರ ಕ್ವಾರ್ಟರ್ಸಿನ ಮುಂದೆ ಅದೇ ರಂಗೋಲಿಯನ್ನು ಪಕ್ಕಪಕ್ಕ ಹಾಕಿದೆವು. ಏಕಾಂತಮ್ಮ ಈಗ ಹೊಲಿಗೆ ಯಂತ್ರ ಇಟ್ಟುಕೊಂಡಿದ್ದಾಳೆ; ದುರುಗಕ್ಕ ಕಾಲೇಜಿಗೆ ಹೋಗುತ್ತಾಳೆ. ಡಾಕ್ಟರಮ್ಮ ಬಾಗಿಲು ತೆರೆದು ಬಂದು, ಎಂದಿನಂತೆ ಕುಕ್ಕರಗಾಲಲ್ಲಿ ಕುಳಿತು, ಒಂದೊಂದನ್ನೂ ನೋಡಿದರು.

"ಅಜ್ಜೀದೇ ಸೊಟ್ಟ" ಎಂದಳು ಏಕಾಂತಮ್ಮ.

"ಏನ್ ಮಾಡ್ಲಿ, ವಯಸ್ಸಾಯ್ತಲ್ಲೇ" ಎಂದೆ.

"ವಯಸ್ಸಿಗೆ ಎಲ್ಲಾ ಹೊರಿಸಬ್ಯಾಡ್ರಿ. ಎದ್ ಬರ್ರಿ ಇಲ್ಲಿ" ಎಂದು ಡಾಕ್ಟರಮ್ಮ ನನ್ನ ಕೈ ಹಿಡಿದು ಬೆಳಕಿಗೆ ನಿಲ್ಲಿಸಿದರು. ಆಸ್ಪತ್ರೆಯಲ್ಲಿ ಹಾರ ತುರಾಯಿ ಹಿಡಿದು ಕಾಯುತ್ತಿದ್ದಾರೆಂದು ನಾನು ನೆನಪಿಸಿದೆ.

"ಕಾಯ್ಲಿ ಬಿಡ್ರಿ. ಬೆಳಕು ಈಗ ಚೆನ್ನಾಗೈತೆ." ರೆಪ್ಪೆ ಎತ್ತಿ, ಒಂದು ಕಣ್ಣು, ಇನ್ನೊಂದು ಕಣ್ಣು ನೋಡಿದರು. "ಕೈಗೇನೂ ಆಗಿಲ್ಲ ನಿಮಗೆ. ಎರಡೂ ಕಣ್ಣಿಗೆ ಪೊರೆ ಬಂದೈತೆ. ಚುಕ್ಕೀನೇ ಕಾಣದೆ ಹಾಕಿದ್ದೀರಿ."

ಮುಂದಿನ ತಿಂಗಳು ಚಿತ್ರದುರ್ಗದಲ್ಲಿ ನನ್ನ ಕಣ್ಣಿನ ಆಪರೇಷನ್ನು. ಅಲ್ಲಿ ತಂದೆಯವರ ಕಾಲದ ಮನೆಗೆ ಹೋಗಿ ನೆಲೆಸಿರುವ ಡಾಕ್ಟರಮ್ಮ, ಗುಣವಾಗುವವರೆಗೂ ತಮ್ಮಲ್ಲೇ ಇರಬೇಕೆಂದು ಹೇಳಿ ಕಳಿಸಿದ್ದಾರೆ. ದುರ್ಬೀನು ಆಗಲೇ ಮಾಳಿಗೆ ಏರಿದೆಯಂತೆ. ಹಳ್ಳಿಗಳ ಸುತ್ತಾಟವನ್ನೂ ಬಿಡುವವರಲ್ಲ ಅವರು. ಅವರಿಗಿಂತ ವಯಸ್ಸಿನಲ್ಲಿ ಹಿರಿಯಳಾದ್ದರಿಂದ ಹರಸುವ ಹಕ್ಕು ನನಗಿದೆ: ಅವರು ನೂರು ಕಾಲ ಬಾಳಲಿ, ಆ ಕಣ್ಣಿನ ಬೆಳಕು ಮಾಸದಿರಲಿ, ಇನ್ನೂ ಎಷ್ಟೋ ಮನೆಗಳ ಮಕ್ಕಳು ಅವರ ಕಣ್ಣಿಗೆ ಹೊತ್ತಿಗೆ ಮುಂಚೆ ಬೀಳಲಿ. ಕಟ್ಟು ಬಿಚ್ಚಿದ ಮೇಲೆ ನನ್ನನ್ನು ಮಾಳಿಗೆಗೆ ಹತ್ತಿಸಿ ಆ ಕೆಂಪು ನಕ್ಷತ್ರ ತೋರಿಸುತ್ತಾರಂತೆ. ಕಂಡರೆ ಕಂಡೆ ಎನ್ನುತ್ತೇನೆ, ಇಲ್ಲದಿದ್ದರೆ ಇಲ್ಲ ಎನ್ನುತ್ತೇನೆ.