ಭಾನುಮತಿ ಕೇಳಿದ ಹಾಯಿ

ಹ್ಯೂಸ್ಟನ್ನಿನ ಉತ್ತರಕ್ಕಿರುವ ದ ವುಡ್‌ಲ್ಯಾಂಡ್ಸ್‌ನಲ್ಲಿ ಮೂವತ್ತು ವರ್ಷ ನರ್ಸ್ ಆಗಿದ್ದು ನಿವೃತ್ತರಾದ ಭಾನುಮತಿಯವರು ಗಂಗೊಳ್ಳಿಯ ತಂಡೇಲರೊಬ್ಬರ ಮಗಳು. ತಂಡೇಲ ಎಂದರೆ ಮಂಜಿಯನ್ನು ನಡೆಸುವವನು; ಮಂಜಿ ಎಂದರೆ ಹಾಯಿ ಕಟ್ಟಿದ ದೊಡ್ಡ ಸರಕಿನ ನೌಕೆ. ಮಳೆಗಾಲ ಮುಗಿದೊಡನೆ ಅವರ ಅಪ್ಪ ಹೆಂಚು, ಅಕ್ಕಿ ತುಂಬಿಕೊಂಡು ಅರಬ್ಬೀ ಸಮುದ್ರದ ದ್ವೀಪಗಳಿಗೆ ಹೊರಡುತ್ತಿದ್ದರು. ಅಮಿನಿಯಿಂದ ಕಡಮತ್, ಅಲ್ಲಿಂದ ಆಂದ್ರೋತ್. ಬರುವಾಗ ಕೊಬ್ಬರಿ, ತೆಂಗಿನ ನಾರಿನ ಹುರಿ.

ವರ್ಷದ ಮೊದಲ ಯಾನದ ದಿನ ಮನೆಯವರೆಲ್ಲ ಮಂಜಿ ಹತ್ತಿ, ನದಿ ಕಡಲು ಸೇರುವ ಅಳಿವೆಯವರೆಗೆ ಹೋಗುವ ರೂಢಿಯಿತ್ತು. ಅಲ್ಲಿ ಹೆಂಗಸರನ್ನೂ ಮಕ್ಕಳನ್ನೂ ಸಣ್ಣ ದೋಣಿಗೆ ಇಳಿಸಿ ದಡಕ್ಕೆ ಕಳಿಸುತ್ತಿದ್ದರು. ಹಾಯಿ ಬಿಚ್ಚುತ್ತಿದ್ದುದು ಆಮೇಲೆ. ಹೀಗಾಗಿ ಗಾಳಿ ತುಂಬಿದ ಹಾಯಿಯನ್ನು ಭಾನುಮತಿ ಕಂಡದ್ದೆಲ್ಲ ಅದು ದೂರವಾಗುತ್ತಿರುವಾಗಲೇ. "ಬಪ್ಪ ವರ್ಷ ಕರ್ಕಂಡ್ ಹೋತೆ ಮಗಾ" ಎಂದು ಅಪ್ಪ ಪ್ರತಿ ವರ್ಷವೂ ಹೇಳುತ್ತಿದ್ದರು. ಕಡೆಗೆ ಎಂಜಿನ್ ದೋಣಿಗಳು ಬಂದವು. ಮಂಜಿಯನ್ನು ಒಡೆದು ಸೌದೆಗೆ ಮಾರಿದರು. ಭಾನುಮತಿ ನರ್ಸಿಂಗ್ ಓದಲು ಮಂಗಳೂರಿಗೆ ಹೋದರು.

ಹೋದ ಥ್ಯಾಂಕ್ಸ್‌ಗಿವಿಂಗ್ ರಜೆಯಲ್ಲಿ ಡಲ್ಲಾಸ್ ಬಳಿಯ ಮರ್ಫಿಯಲ್ಲಿ, ಮಗಳು ಪ್ರಗತಿಯ ಮನೆಯಲ್ಲಿ ಎಲ್ಲರೂ ಸೇರಿದ್ದರು. ಬೀಗರು ಸಂಗನಬಸಪ್ಪನವರು ಧಾರವಾಡದವರು; ಆಸ್ಟಿನ್ ಪಕ್ಕದ ಫ್ಲೂಗರ್‌ವಿಲ್‌ನಲ್ಲಿ ಕಿರಿಮಗನ ಜೊತೆಗಿದ್ದಾರೆ. ಅವರ ಎಪ್ಪತ್ತೈದನೆಯ ಹುಟ್ಟುಹಬ್ಬಕ್ಕೆ ಹಿರಿಮಗ, ಅಂದರೆ ಪ್ರಗತಿಯ ಗಂಡ ವಿಶ್ವಾಸ್, ಗ್ರೀಸಿನ ದ್ವೀಪಗಳನ್ನು ಸುತ್ತಲು ಐಷಾರಾಮಿ ವಿಹಾರನೌಕೆಯನ್ನು, ಯಾಟ್ ಒಂದನ್ನು, ಬಾಡಿಗೆಗೆ ಗೊತ್ತುಮಾಡಿದ್ದ. ಟೀವಿಯಲ್ಲಿ ಅದರ ಚಿತ್ರಗಳು ಬರುತ್ತಿದ್ದವು.

"ಅಡಗಿ ಮಾಡಾಕ ಷೆಫ್, ಹಾಸಿಗಿ ಹಾಸಾಕ ಇಬ್ರು. ನಮಗೇನ್ ಕೆಲಸ ಉಳೀತೋ?" ಎಂದರು ಸಂಗನಬಸಪ್ಪ.

"ನೀವು ಸುಮ್ನ ಕೂಡೂದು, ಅಪ್ಪಾ."

"ಅದನ್ನ ಫ್ಲೂಗರ್‌ವಿಲ್‌ದಾಗ ಪುಕ್ಕಟೆ ಮಾಡಾಕತ್ತೀನಲ್ಲೋ!"

ಎಲ್ಲರೂ ನಕ್ಕರು. ಭಾನುಮತಿಯವರ ಕಣ್ಣು ಚಿತ್ರದಲ್ಲಿ ಹಾಯಿ ಕಟ್ಟುವ ಎರಡು ಕಂಬಗಳ ಮೇಲಿತ್ತು. ಹಾಯಿ ಹಾಕುತ್ತಾರೆಯೇ ಎಂಬ ಮಾತು ತುದಿನಾಲಿಗೆಗೆ ಬಂದು ನಿಂತಿತು. ಹೆಣ್ಣು ಕೊಟ್ಟವರು ಬೀಗರ ಮುಂದೆ ತಮಗಾಗಿ ಏನನ್ನೂ ಕೇಳಬಾರದೆಂಬ ಶಿಸ್ತಿನಲ್ಲಿ ಬೆಳೆದವರು ಅವರು. ಸೀರೆ ಬಿಟ್ಟು ಪ್ಯಾಂಟು ಹಾಕಿದ್ದರು, ಟೆಕ್ಸಾಸ್‌ನ ಹೈವೇಗಳಲ್ಲಿ ಒಬ್ಬರೇ ಡ್ರೈವ್ ಮಾಡುತ್ತಿದ್ದರು. ಆ ಶಿಸ್ತು ಮಾತ್ರ ಉಳಿದಿತ್ತು.

"ಅಮ್ಮ, ನಿಂಗೇನಾದ್ರೂ ಬೇಕಾ?" ಎಂದಳು ಪ್ರಗತಿ.

"ಎಂತದೂ ಬೇಡ. ಎಲ್ಲ ಚಂದ ಉಂಟು."

ಜೂನ್‌ನಲ್ಲಿ ಹೊರಟರು. ಯಾಟ್ ಹತ್ತುವ ಹಲಗೆಯ ಬಳಿಯೇ ಎಲ್ಲರ ಚಪ್ಪಲಿ ಬಿಚ್ಚಿಸಿ ಬುಟ್ಟಿಗೆ ಹಾಕಿಸಿಕೊಂಡಾಗ ಸಂಗನಬಸಪ್ಪನವರಿಗೆ ಖುಷಿಯೋ ಖುಷಿ: "ಗುಡಿಯಂಗ ಐತಲ್ರಿ ಇದು!" ಪಾರೋಸ್ ಆಯಿತು, ನಾಕ್ಸೋಸ್ ಆಯಿತು, ಇಯೋಸ್ ಆಯಿತು. ಬಿಳಿ ಗೋಡೆಗಳ ಊರುಗಳು ಚೆನ್ನಾಗಿಯೇ ಇದ್ದವು. ಆದರೆ ಎಲ್ಲ ಕಡೆಗೂ ಎಂಜಿನ್ನಿನ ಓಟ. ವಿಶ್ವಾಸ್ ಯಾವ ದ್ವೀಪಕ್ಕೆ ಎಷ್ಟು ಹೊತ್ತು ಎಂದು ಆಫೀಸಿನ ಮೀಟಿಂಗುಗಳಂತೆ ಜೋಡಿಸಿಟ್ಟಿದ್ದ. ಹಾಯಿ ನೀಲಿ ಹೊದಿಕೆಯೊಳಗೆ ಮಡಚಿಯೇ ಇತ್ತು. ಬೆಳಗ್ಗೆ ಯಾರೂ ಏಳುವ ಮೊದಲು ಭಾನುಮತಿ ಹೋಗಿ ಅದನ್ನು ಮುಟ್ಟಿ ಬರುತ್ತಿದ್ದರು. ಅಪ್ಪನ ಹಾಯಿಗೆ ಮೀನೆಣ್ಣೆಯ ವಾಸನೆಯಿತ್ತು. ಇದಕ್ಕೆ ಯಾವ ವಾಸನೆಯೂ ಇರಲಿಲ್ಲ.

ಉಳಿದದ್ದು ಸೂರ್ಯಾಸ್ತಕ್ಕೆ ಹೆಸರಾದ ಸ್ಯಾಂಟೊರಿನಿ ಒಂದೇ. ಅಲ್ಲಿಗೆ ಹೊರಟ ದಿನ ಮಧ್ಯಾಹ್ನ ಊಟದ ಹೊತ್ತಿಗೆ ಗ್ರೀಕ್ ಕ್ಯಾಪ್ಟನ್ ಬಂದು, ಗಾಳಿ ಬೆನ್ನಿಗಿದೆ, ಆದರೆ ಹಾಯಿಯಲ್ಲಿ ಹೋದರೆ ತಲುಪುವಾಗ ಕತ್ತಲಾಗುತ್ತದೆ ಎಂದ. "ಎಂಜಿನ್ನಲ್ಲೇ ಹೋಗಿ" ಎಂದ ವಿಶ್ವಾಸ್. ಕ್ಯಾಪ್ಟನ್ ಹೊರಡಲು ತಿರುಗಿದ. ಈಗ ಹೋದರೆ ಹೋಯಿತು ಎಂದು ಭಾನುಮತಿಗೆ ತಿಳಿಯಿತು.

"ಬೀಗರೇ, ನನಗೊಂದು ಬೇಕಿತ್ತು."

ಸಂಗನಬಸಪ್ಪ ಚಮಚ ಕೆಳಗಿಟ್ಟರು. "ಮದುವಿ ಆಗಿ ಹದಿನೆಂಟು ವರ್ಷಾತು, ಇವತ್ತ ಬಾಯಿ ಬಿಟ್ರಿ! ಕೇಳ್ರಿ, ಕೇಳ್ರಿ."

"ಎಂಜಿನ್ ನಿಲ್ಸಿ ಹಾಯಿ ಹಾಕ್ಲಿಕ್ಕೆ ಹೇಳ್ತೀರಾ? ನಮ್ಮಪ್ಪ ಹೋಗ್ತಾ ಇದ್ದ ಹಾಗೆ ಒಂದು ದ್ವೀಪದಿಂದ ಇನ್ನೊಂದಕ್ಕೆ ಹೋಗ್ಬೇಕು ಅಂತ ಆಸೆ. ಒಂದು ಸಲ ಸಾಕು."

ಮೊಮ್ಮಗಳು ಗಾರ್ಗಿಗೆ ಅಳು ಬರುವುದೊಂದು ಬಾಕಿ. "ಬಟ್ ಅಜ್ಜಿ, ಸನ್‌ಸೆಟ್! ವಿ ಕೇಮ್ ಫಾರ್ ದ ಸನ್‌ಸೆಟ್!"

"ಸೂರ್ಯ ಆಸ್ಟಿನ್‌ದಾಗೂ ಮುಳುಗ್ತಾನವಾ," ಎಂದರು ತಾತ. "ನಿಮ್ಮಜ್ಜಿ ಇನ್ನೊಮ್ಮೆ ಕೇಳೂದು ಮತ್ತ ಹದಿನೆಂಟು ವರ್ಷದ ಮ್ಯಾಲ. ಹಾಕಸೋ ವಿಶ್ವಾಸ."

ಎಂಜಿನ್ ನಿಂತಿತು. ನಾಲ್ಕು ದಿನ ಕಿವಿಯಲ್ಲಿದ್ದ ಗುಂಯ್ ಎಂಬ ಸದ್ದು ಹೋಗಿ ಹಗ್ಗಗಳ ಕಿರುಗುಟ್ಟು, ಪಕ್ಕೆಗೆ ತಾಗುವ ನೀರು ಕೇಳಿಸತೊಡಗಿತು. ಹಾಯಿ ಏರಿತು, ಪಟಪಟ ಬಡಿದುಕೊಂಡಿತು, ಆಮೇಲೆ ಒಮ್ಮೆಲೇ ಉಬ್ಬಿ ಸುಮ್ಮನಾಯಿತು. ಅದರ ನೆರಳಿನೊಳಗೆ ಭಾನುಮತಿ ನಿಂತಿದ್ದರು. ಯಾರೂ ಅವರನ್ನು ದೋಣಿಗೆ ಇಳಿಸಲಿಲ್ಲ.

ಅರ್ಧ ಗಂಟೆಯೂ ಕಳೆದಿರಲಿಲ್ಲ. ಬೆನ್ನ ಹಿಂದಿನ ಅಲೆಗಳಿಗೆ ಯಾಟ್ ತೊಟ್ಟಿಲಿನಂತೆ ಆ ಕಡೆಗೊಮ್ಮೆ ಈ ಕಡೆಗೊಮ್ಮೆ ವಾಲತೊಡಗಿತು. ಭಾನುಮತಿ ಅಂಚಿಗೆ ಓಡಿದರು. ಕಟಕಟೆಗೆ ಬಾಗಿ, ಉಂಡದ್ದನ್ನೆಲ್ಲ ಕಡಲಿಗೆ ಕೊಟ್ಟರು.

"ಅಲ್ರೀ ಬೀಗತಿಯವ್ರ, ತಂಡೇಲರ ಮಗಳು ವಾಂತಿ ಮಾಡ್ಕೊಳ್ಳಾಕತ್ತಾರ, ಧಾರವಾಡದಾಂವ ಕಲ್ಲಿನಂಗ ಕುಂತಾನ!"

ಭಾನುಮತಿಗೆ ನಗು ಬಂತು, ನಗುವಿನ ಜೊತೆ ಮತ್ತೊಮ್ಮೆ ವಾಂತಿಯೂ ಬಂತು. ಫೋನ್ ಹಿಡಿದು ಮುಖ ಊದಿಸಿಕೊಂಡಿದ್ದ ಗಾರ್ಗಿ ಎದ್ದು ಬಂದು, ತನಗೆ ಹುಷಾರಿಲ್ಲದಾಗ ಅಜ್ಜಿ ಮಾಡುತ್ತಿದ್ದಂತೆಯೇ, ಅವರ ಹಣೆಯನ್ನು ಅಂಗೈಯಿಂದ ಒತ್ತಿ ಹಿಡಿದಳು.

"ಅತ್ತೆ, ಎಂಜಿನ್ ಹಾಕಿಸ್ಲಾ?" ವಿಶ್ವಾಸ್ ಹತ್ತಿರ ಬಂದು ಕೇಳಿದ. "ಇನ್ನೂ ಆರೇಳು ಗಂಟೆ ಹೀಗೇ ಇರತ್ತಂತೆ."

ಸ್ಯಾಂಟೊರಿನಿ ಇನ್ನೂ ಬೂದುಬಣ್ಣದ ಒಂದು ಗೆರೆಯಷ್ಟೇ ಆಗಿತ್ತು. ಭಾನುಮತಿ ಸೆರಗಿಲ್ಲದೆ ಅಂಗಿಯ ತೋಳಿನಿಂದ ಬಾಯಿ ಒರೆಸಿಕೊಂಡರು.

"ಬೇಡ ಮಾರಾಯ," ಎಂದರು, "ಹೀಗೇ ಹೋಗ್ಲಿ."