ಮುಟ್ಟದೇ ಮುರಿದ ಬಂಪರ್

ನಾನು ಔರಾದಿನ ಆಸ್ಪತ್ರೆಯಲ್ಲಿ ನರ್ಸ್. ಮನೆ ಇರುವುದು ಬೀದರಿನ ಚಿದ್ರಿಯಲ್ಲಿ. ವರ್ಷಗಟ್ಟಲೆ ಬಸ್ಸಿನಲ್ಲಿ ನಿಂತು ಓಡಾಡಿ ಸಾಕಾಗಿ, ಕೊನೆಗೊಮ್ಮೆ ಯಾರೋ ಬಳಸಿ ಬಿಟ್ಟ ಬಿಳಿ ಕಾರೊಂದನ್ನು ಕೊಂಡೆ. ಕೊಂಡು ನಾಲ್ಕು ತಿಂಗಳಾಗಿತ್ತು. ಅದಕ್ಕೆ ಒಂದು ಗೀರು ಬಿದ್ದರೂ ನನ್ನ ಮೈಮೇಲೆ ಬಿದ್ದಂತೆ ಆಗುತ್ತಿದ್ದ ದಿನಗಳವು.

ಚಳಿಗಾಲದ ಒಂದು ಬೆಳಿಗ್ಗೆ ಡ್ಯೂಟಿಗೆ ಹೊರಟಿದ್ದೆ. ಜನವಾಡ ದಾಟಿದ ಮೇಲೆ ತೆಳ್ಳಗೆ ಮಂಜಿತ್ತು. ಎದುರಿನಿಂದ ಕಬ್ಬು ತುಂಬಿದ ಟ್ರ್ಯಾಕ್ಟರ್ ತೂಗಾಡುತ್ತ ಬರುತ್ತಿತ್ತು. ಇದ್ದಕ್ಕಿದ್ದಂತೆ ಅದರ ಹಿಂದಿನಿಂದ ಒಂದು ಕಾರು ಹೊರಬಂದು ನೇರ ನನ್ನ ಮೇಲೆಯೇ ಬಂತು. ಯೋಚಿಸಲು ಸಮಯವಿರಲಿಲ್ಲ. ಎಡಕ್ಕೆ ಎಳೆದೆ. ಆ ಕಾರು ಗಾಳಿ ಬೀಸಿದಂತೆ ಪಕ್ಕದಲ್ಲೇ ಹಾದುಹೋಯಿತು. ನನ್ನ ಕಾರು ಹೋಗಿ ಕಿಲೋಮೀಟರ್ ಕಲ್ಲಿಗೆ ಗುದ್ದಿ ನಿಂತಿತು.

ಬಸ್ಸಿಗೆ ಕಾಯುತ್ತಿದ್ದ ಹೆಂಗಸೊಬ್ಬಳು ಓಡಿ ಬಂದಳು. "ಎಲ್ಲಿ ಬಡೀತವ್ವಾ? ಕೈಕಾಲು ಆಡಸು ನೋಡೋಣ!" ಎಂದು ದಿನವೂ ನಾನು ರೋಗಿಗಳಿಗೆ ಹೇಳುವುದನ್ನು ನನಗೇ ಹೇಳಿದಳು. ಕೈಕಾಲು ಆಡಿದವು. ಬಂಪರ್ ಮಾತ್ರ ಕಿತ್ತು ನೆಲಕ್ಕೆ ಬಿದ್ದಿತ್ತು. ಎಡಗಡೆಯ ಲೈಟು ಪುಡಿಯಾಗಿತ್ತು.

ಆ ಕಾರು ಸ್ವಲ್ಪ ದೂರ ಹೋಗಿ ನಿಧಾನ ಮಾಡಿತು. ಕಿಟಕಿಯಿಂದ ಒಂದು ಕೈ ಹೊರಬಂತು. ನಿಲ್ಲುತ್ತಾನೆ ಎಂದುಕೊಂಡೆ. ನಿಲ್ಲಲಿಲ್ಲ. ಆದರೆ ಪುಣ್ಯಾತ್ಮ ಓಡಿಸುತ್ತಿದ್ದದ್ದು ಡ್ರೈವಿಂಗ್ ಸ್ಕೂಲಿನ ಕಾರು. ಹಿಂದಿನ ಗಾಜಿನ ತುಂಬ ಕೆಂಪು ಅಕ್ಷರದಲ್ಲಿ ಊರು ಭಾಲ್ಕಿ ಎಂದಿತ್ತು, ಕೆಳಗೆ ದಪ್ಪಗೆ ಫೋನ್ ನಂಬರ್. ಅಂಗೈಯಲ್ಲೇ ಬರೆದುಕೊಂಡೆ.

ಮಧ್ಯಾಹ್ನ ಆ ನಂಬರಿಗೆ ಫೋನ್ ಮಾಡಿ, ನಡೆದದ್ದನ್ನು ಹೇಳಿ ರಿಪೇರಿಯ ಖರ್ಚು ಕೇಳಿದೆ.

"ನಮ್ಮ ಗಾಡಿ ನಿಮ್ಮ ಗಾಡಿಗಿ ಹತ್ತ್ಯಾದೇನ್ರಿ?" ಅತ್ತ ಕಡೆಯ ಗಂಡಸಿನ ಧ್ವನಿ ಕೇಳಿತು.

"ಇಲ್ರಿ. ನಾ ಎಡಕ್ಕ ಹೊಳ್ಳಿಸಿದೆ ಅಂತ ಹತ್ತಲಿಲ್ಲ."

"ಮತ್ತ ನಾ ಯಾಕ ನುಕ್ಸಾನಿ ಕೊಡ್ಲಿ? ಕಲ್ಲಿಗಿ ಹೊಡದವರು ನೀವು." ಫೋನ್ ಇಟ್ಟುಬಿಟ್ಟರು.

ನನ್ನ ಗಂಡ ಶಾಲಾ ಮಾಸ್ತರ, ಶಾಂತ ಸ್ವಭಾವದವರು. "ಮುಟ್ಟದೇ ಇದ್ದವನ ಮ್ಯಾಲ ಕೇಸ್ ಹ್ಯಾಂಗ ಹಾಕ್ತಿ? ಇನ್ಶೂರೆನ್ಸ್‌ನಾಗ ಮಾಡ್ಸಿದ್ರಾಯ್ತು, ಬಿಡು" ಎಂದರು. ಬಿಡುವುದು ನನ್ನಿಂದ ಆಗಲಿಲ್ಲ. ಇನ್ಶೂರೆನ್ಸ್ ಅರ್ಜಿಯಲ್ಲಿ 'ಅಪಘಾತ ಹೇಗಾಯಿತು' ಎಂಬ ಸಾಲಿನ ಮುಂದೆ ನಾನೇ ಹೋಗಿ ಕಲ್ಲಿಗೆ ಗುದ್ದಿದೆ ಎಂದು ಬರೆಯಬೇಕಲ್ಲ, ಅದೇ ಉರಿ. ಭಾನುವಾರ ಪ್ರಾರ್ಥನೆ ಮುಗಿಸಿ ಚರ್ಚಿನಿಂದ ಹೊರಬಂದವಳು ಗಂಡನಿಗೆ, "ಭಾಲ್ಕಿಗಿ ನಡೀರಿ" ಎಂದೆ. ಕ್ಷಮೆಯ ಕುರಿತ ಉಪದೇಶ ಕೇಳಿ ಇನ್ನೂ ಹತ್ತು ನಿಮಿಷವಾಗಿರಲಿಲ್ಲ. ಅವರು ನಕ್ಕು ಕಾರು ಹತ್ತಿದರು. ಹಿಂದಿನ ಸೀಟಿನಲ್ಲಿ ಮುರಿದ ಬಂಪರ್ ಅಡ್ಡಡ್ಡ ಮಲಗಿತ್ತು.

ಡ್ರೈವಿಂಗ್ ಸ್ಕೂಲೆಂದರೆ ರಸ್ತೆಗೆ ಮುಖ ಮಾಡಿದ ಒಂದು ಕೋಣೆ. ಒಳಗೆ ಕರಿಹಲಗೆ, ಐದಾರು ಮಂದಿ ಕಲಿಯುವವರು. ಅರವತ್ತರ ಆಸುಪಾಸಿನ ಮಾಸ್ತರರು, ಇಸ್ತ್ರಿ ಮಾಡಿದ ಬಿಳಿ ಅಂಗಿ ತೊಟ್ಟು, ಓವರ್‌ಟೇಕ್ ಮಾಡುವುದು ಹೇಗೆ ಎಂದೇ ಪಾಠ ಹೇಳುತ್ತಿದ್ದರು! ನಾನು ಔರಾದಿನ ನರ್ಸ್, ಕಲ್ಲಿಗೆ ಗುದ್ದಿದವಳು ಎಂದು ಹೇಳಿದೊಡನೆ ಅವರ ಮುಖ ಸಣ್ಣದಾಯಿತು.

"ಹೊರಗ ಮಾತಾಡೋಣ ನಡೀರಿ." ಫೋನಿನಲ್ಲಿ ಕೇಳಿದ್ದ ಅದೇ ಧ್ವನಿ.

"ಇಲ್ಲೇ ಆಗ್ಲಿರಿ ಸರ್. ಇಲ್ಲಿ ಬೋರ್ಡ್ ಅದ."

ಸೀಮೆಸುಣ್ಣ ತೆಗೆದುಕೊಂಡು ರಸ್ತೆ ಬರೆದೆ. ಟ್ರ್ಯಾಕ್ಟರ್, ನನ್ನ ಕಾರು, ಕಲ್ಲು ಎಲ್ಲ ಬರೆದೆ. ನನ್ನ ಚಿತ್ರದ ಟ್ರ್ಯಾಕ್ಟರ್ ಎಮ್ಮೆಯಂತೆ ಕಾಣುತ್ತಿತ್ತು, ಆದರೂ ಯಾರೂ ನಗಲಿಲ್ಲ. ಮುಂದೆ ಕೂತಿದ್ದ ಅಂಗನವಾಡಿ ಟೀಚರೊಬ್ಬರು ಹಿಂದಿನ ತಿಂಗಳಷ್ಟೇ ಲೈಸೆನ್ಸ್ ಪಡೆದು ಇನ್ನೂ ಅಭ್ಯಾಸಕ್ಕೆ ಬರುತ್ತಿದ್ದವರು. ಚಿತ್ರ ನೋಡಿ ಮೆಲ್ಲಗೆ ಕೇಳಿದರು: "ಸರ್, ಎದುರಿನ ಗಾಡಿ ಕಂಡ್ರ ಹೊರಗ ಬರಬಾರದು ಅಂತ ನೀವೇ ಹೇಳೀರಲ್ರಿ?"

ಮಾಸ್ತರರು ತಾವು ಎಲ್ಲಿದ್ದೆವೆಂದು ತೋರಿಸಲು ಸೀಮೆಸುಣ್ಣ ಹಿಡಿದರು. ಕುತ್ತಿಗೆಯನ್ನು ಬಲಕ್ಕೆ ತಿರುಗಿಸಿ, ಎಡಗಣ್ಣನ್ನು ಹಲಗೆಯ ಹತ್ತಿರ ತಂದು ಗೆರೆ ಹುಡುಕಿದರು. ಆದರೂ ಅವರ ಕಾರು ರಸ್ತೆ ಬಿಟ್ಟು ಹೊರಗೆ ಬಿತ್ತು. ಆ ಕುತ್ತಿಗೆಯ ತಿರುವನ್ನು ನಾನು ಆಸ್ಪತ್ರೆಯಲ್ಲಿ ಎಷ್ಟು ಸಲ ನೋಡಿಲ್ಲ! ನಾನೇ ಅವರನ್ನು ಹೊರಗೆ ಕರೆದೆ.

"ಸರ್, ಬಲಗಣ್ಣಿಗಿ ಪೊರಿ ಬಂದು ಎಷ್ಟು ದಿನ ಆಯ್ತು?"

ಅವರು ಕನ್ನಡಕ ತೆಗೆದು ಅಂಗಿಯ ಅಂಚಿನಿಂದ ಒರೆಸತೊಡಗಿದರು. ಒರೆಸಿದ್ದನ್ನೇ ಮತ್ತೆ ಒರೆಸಿದರು. "ವರ್ಷದ ಮ್ಯಾಲ ಆಯ್ತ್ರಿ ಸಿಸ್ಟರ್. ಅವತ್ತ ಖರೇನೇ ರಸ್ತಾ ಖಾಲಿ ಕಂಡಿತ್ತು. ಮಂಜಿನಾಗ ನಿಮ್ಮ ಬಿಳಿ ಗಾಡಿ ಕಾಣ್ಲೇ ಇಲ್ಲ. ಅಂಜಿಕೀಲೆ ನಿಲ್ಲಸ್ಲಿಕ್ಕೂ ಆಗ್ಲಿಲ್ಲ. ಕಣ್ಣು ಕಾಣ್ದವನ ಕಡಿ ಡ್ರೈವಿಂಗ್ ಕಲೀಲಿಕ್ಕ ಯಾರು ಬರ್ತಾರ, ನೀವೇ ಹೇಳ್ರಿ."

ಬೈಯಲೆಂದು ದಾರಿಯುದ್ದಕ್ಕೂ ಜೋಡಿಸಿಕೊಂಡು ಬಂದಿದ್ದ ಮಾತುಗಳೆಲ್ಲ ಬಾಯಲ್ಲೇ ಉಳಿದವು. ಸಿಟ್ಟು ಪೂರ್ತಿ ಇಳಿಯಿತೆಂದರೆ ಸುಳ್ಳಾಗುತ್ತದೆ. "ನಿಮ್ಮ ಗಾಡಿ ಇನ್ನೊಂದು ಮೊಳ ಈ ಕಡಿ ಬಂದಿತ್ತಂದ್ರ ನಾ ಇವತ್ತ ಇಲ್ಲಿ ನಿಂತಿರ್ತಿರಲಿಲ್ಲ ಸರ್" ಎಂದೆ. ಅವರು ತಲೆ ತಗ್ಗಿಸಿದರು. "ತಪ್ಪಾಯ್ತವ್ವಾ" ಎಂದರು. ಆ ವಾರವಿಡೀ ನಾನು ಕೇಳಬೇಕೆಂದಿದ್ದದ್ದು ಬಹುಶಃ ಆ ಒಂದು ಮಾತನ್ನೇ.

ಆದರೂ ಬಂಪರ್ ಬಿಡಲಿಲ್ಲ. ಗಾಡಿ ಮೊದಲಿದ್ದಂತೆ ಮಾಡಿಸಿ ಕೊಡಬೇಕು ಎಂದೆ. ಒಪ್ಪಿದರು. ಆಪರೇಷನ್ ಆಗುವ ತನಕ ಸ್ಟೀರಿಂಗ್ ಮುಟ್ಟಬಾರದು ಎಂದೆ. ಅವರು ತಮ್ಮ ಕಾರಿನ ಕೀ ತೆಗೆದು ಒಳಗಿದ್ದ ಅಂಗನವಾಡಿ ಟೀಚರ ಕೈಗೆ ಕೊಟ್ಟರು. ನಮ್ಮ ಕಾರನ್ನು ಅಲ್ಲಿಯ ಗ್ಯಾರೇಜಿನಲ್ಲಿ ಬಿಟ್ಟು ನಾವಿಬ್ಬರೂ ಬಸ್ಸಿನಲ್ಲಿ ಬೀದರಿಗೆ ಮರಳಿದೆವು. "ನುಕ್ಸಾನಿ ಕೇಳ್ಲಿಕ್ಕ ಹೋಗಿ ಪೇಷೆಂಟ್ ಹುಡುಕ್ಕೊಂಡು ಬಂದಿ" ಎಂದು ಗಂಡ ದಾರಿಯಲ್ಲೆಲ್ಲ ಛೇಡಿಸಿದರು.

ಶನಿವಾರ ಸಂಜೆ ಕಾರು ಮನೆಗೇ ಬಂತು. ಓಡಿಸಿಕೊಂಡು ಬಂದವರು ಆ ಟೀಚರು. ಪಕ್ಕದ ಸೀಟಿನಲ್ಲಿ ಮಾಸ್ತರರು, ಸ್ಕೂಲ್ ಕಾರಿನಲ್ಲಿದ್ದು ಇಲ್ಲಿ ಇಲ್ಲದ ಬ್ರೇಕನ್ನು ಒತ್ತಿ ಒತ್ತಿ ಸುಸ್ತಾಗಿ ಕೂತಿದ್ದರು. ಹೊಸ ಬಣ್ಣ ಹಳೆಯದಕ್ಕಿಂತ ತುಸು ಹೆಚ್ಚೇ ಬೆಳ್ಳಗಿತ್ತು. ನಾನು ಅದನ್ನು ಎತ್ತಿ ಆಡಲಿಲ್ಲ. ಚಹಾ ಕುಡಿಯುತ್ತ ಕಣ್ಣಿನ ಡಾಕ್ಟರರ ಬಳಿ ಹೋಗುವ ದಿನ ಗೊತ್ತು ಮಾಡಿದೆವು.

ಮುಂದಿನ ತಿಂಗಳು ಬೀದರಿನಲ್ಲೇ ಅವರ ಆಪರೇಷನ್ ಆಯಿತು. ರಜೆ ಹಾಕಿ ಜೊತೆಗೆ ಹೋಗಿದ್ದೆ. ಪಟ್ಟಿ ಬಿಚ್ಚಿದ ದಿನ ನನ್ನನ್ನು ದಿಟ್ಟಿಸಿ ನೋಡಿ, "ನೀವು ಇಷ್ಟು ಸಣ್ಣ ವಯಸ್ಸಿನವರೇನ್ರಿ? ಅವತ್ತ ಬೋರ್ಡ್ ಮುಂದ ಹೆಡ್‌ಮಾಸ್ತರಂಗ ಕಂಡಿದ್ರಿ" ಎಂದರು. ನನಗೆ ಐವತ್ತು ದಾಟಿದೆ. ಆಪರೇಷನ್ ಪೂರ್ತಿ ಸರಿಯಾಗಿದೆಯೇ ಎಂದು ಡಾಕ್ಟರರನ್ನು ಇನ್ನೊಮ್ಮೆ ಕೇಳಿದೆ.