ಬಿಸಿಲಿಗಿಟ್ಟ ಬ್ಯಾಟರಿಗಳು

ನಾನು ಚಿಕ್ಕವಳಿದ್ದಾಗ ನಮ್ಮ ಮನೆಯ ಬ್ಯಾಟರಿಗಳು ಕಾಫಿಯ ಜೊತೆ ಬಿಸಿಲು ಕಾಯುತ್ತಿದ್ದವು. ನಗಬೇಡಿ ಮಕ್ಕಳೇ, ಸುಳ್ಳಲ್ಲ. ಕೊಡಗು ಮೈಸೂರು ರಾಜ್ಯಕ್ಕೆ ಸೇರಿ ಕೆಲವೇ ವರ್ಷಗಳಾಗಿದ್ದವು. ಕಕ್ಕಬೆಯ ನಮ್ಮ ಮನೆಗೆ ಕರೆಂಟು ಬಂದಿರಲಿಲ್ಲ. ಅಪ್ಪ ಕೊಂಡು ತಂದಿದ್ದ ಪುಟ್ಟ ರೇಡಿಯೋ ಬ್ಯಾಟರಿಯಿಂದಲೇ ಹಾಡಬೇಕಿತ್ತು. ಬ್ಯಾಟರಿ ಸೋತಾಗ ಅಪ್ಪ ಅವನ್ನು ಕಾಫಿ ಒಣಗಿಸುವ ಕಣದ ಅಂಚಿನಲ್ಲಿ, ಕಲ್ಲಿನ ಮೇಲೆ ಸಾಲಾಗಿ ಇಡುತ್ತಿದ್ದರು. ಬಿಸಿ ತಾಗಿದರೆ ಅವು ಇನ್ನೊಂದಿಷ್ಟು ಹೊತ್ತು ಜೀವ ಹಿಡಿಯುತ್ತಿದ್ದವು.

ಪೊನ್ನಂಪೇಟೆ ಕಡೆಗೆ ಮದುವೆಯಾಗಿದ್ದ ಅಕ್ಕ ಆ ವರ್ಷ ಟ್ರಂಕು ಹಿಡಿದು ಮನೆಗೆ ಮರಳಿದ್ದಳು. ಗಂಡ ಹೊಡೆಯುತ್ತಿದ್ದನೆಂದು ನನಗೆ ತಿಳಿದದ್ದು ಎಷ್ಟೋ ಕಾಲದ ಮೇಲೆ. ಬಂದವಳು ಮಾತೇ ಬಿಟ್ಟಿದ್ದಳು. ಆದರೆ ಊರೂರಲ್ಲೂ ಹೆಸರಾಗಿದ್ದ ಒಬ್ಬ ಗಾಯಕಿಯ ಹಾಡು ರೇಡಿಯೋದಲ್ಲಿ ಬಂತೆಂದರೆ ಅಕ್ಕ ಎದ್ದು ಕಣಕ್ಕಿಳಿಯುತ್ತಿದ್ದಳು. ಉದ್ದ ಹಿಡಿಯ ಮರದ ಹಲಗೆಯಿಂದ ಹರವಿದ ಕಾಫಿ ಹಣ್ಣು ಎಳೆದು ಮಗುಚುತ್ತಾ ತಾನೂ ಮೆಲ್ಲಗೆ ಹಾಡುತ್ತಿದ್ದಳು. ಒಣಗುವ ಹಣ್ಣಿನ ಹುಳಿ ವಾಸನೆ, ಹಲಗೆಯ ಸರಸರ ಸದ್ದು, ಅಕ್ಕನ ದನಿ ಎಲ್ಲ ಒಟ್ಟಿಗೇ ಬರುತ್ತಿದ್ದವು. ಅವಳು ಹಾಡುವುದನ್ನು ಕೇಳಿದರೆ ನಮಗೆಲ್ಲ ಅನ್ನ ರುಚಿಸುತ್ತಿತ್ತು.

ಅಷ್ಟರಲ್ಲಿ ಆ ಗಾಯಕಿಯ ಸುದ್ದಿ ಪೇಪರಿನಲ್ಲಿ ಬಂತು. ಆಕೆ ಗಂಡನನ್ನು ಬಿಟ್ಟು, ತನ್ನ ಹಾಡಿಗೆ ಹಾರ್ಮೋನಿಯಂ ನುಡಿಸುವವನನ್ನು ಮದುವೆಯಾದಳಂತೆ. ಊರಿಗೆ ಬೇರೆ ಕೆಲಸವೇ ಇಲ್ಲದ ಹಾಗಾಯಿತು. ಹೋಟೆಲಿನಲ್ಲಿ ಯಾರೋ ಅಪ್ಪನ ಮುಖ ನೋಡಿಕೊಂಡೇ, “ಈಗಿನ ಹೆಣ್ಣುಮಕ್ಕಳು ರೇಡಿಯೋ ಕೇಳಿಯೇ ಹಾಳಾಗುವುದು” ಎಂದರಂತೆ. ಅಪ್ಪ ಉರಿಯುತ್ತಾ ಮನೆಗೆ ಬಂದು, “ಇನ್ನ್ ಅವ್ಳ ಹಾಡ್ ಈ ಮನೆಲಿ ಬೇಡ” ಎಂದವರೇ ರೇಡಿಯೋವನ್ನು ಭತ್ತ ತುಂಬುವ ಪತ್ತಾಯದೊಳಗಿಟ್ಟು ಮುಚ್ಚಿದರು. ಅಕ್ಕ ಮರುದಿನದಿಂದ ಕಣಕ್ಕೂ ಬರಲಿಲ್ಲ, ಸರಿಯಾಗಿ ಊಟವನ್ನೂ ಮಾಡಲಿಲ್ಲ. ಅವಳ ದನಿ ಇನ್ನು ಕೇಳುವುದೇ ಇಲ್ಲವೇನೋ ಎಂದು ನನಗೆ ಭಯವಾಯಿತು.

ಹೀಗಿರುವಾಗ ಒಂದು ಬೆಳಿಗ್ಗೆ ಅವ್ವ ಕಣ ಗುಡಿಸುತ್ತಾ ಹಠಾತ್ತನೆ ನಿಂತಳು. ಕಲ್ಲಿನ ಮೇಲೆ ಬ್ಯಾಟರಿಗಳು ಎಂದಿನಂತೆ ಸಾಲಾಗಿ ಕೂತಿದ್ದವು. ರೇಡಿಯೋವನ್ನು ಮುಚ್ಚಿಟ್ಟ ಅಪ್ಪ, ಅಭ್ಯಾಸ ಬಿಡಲಾಗದೆ, ಅವನ್ನು ದಿನವೂ ಬಿಸಿಲಿಗಿಡುತ್ತಲೇ ಇದ್ದರು.

“ಹಾಡ್ ಬೇಡ ಹೇಳ್ದ ಮೇಲೆ ಇವ್ಕೆ ಬಿಸ್ಲ್ ಎಂಥಕೆ?” ಎಂದಳು ಅವ್ವ.

“ಟಾರ್ಚಿಗೆ,” ಎಂದರು ಅಪ್ಪ.

“ಟಾರ್ಚ್ ಕೆರೆಗೆ ಬಿದ್ದ್ ಎಷ್ಟ್ ಕಾಲ ಆತ್?”

ನನಗೆ ನಗು ತಡೆಯಲಾಗಲಿಲ್ಲ. ಅವ್ವ ಮಾತ್ರ ನಗಲಿಲ್ಲ. “ಹಾಡವ್ಳ್ ಯಾರ ಮನೆಲಿ ಬೇಕಾದ್ರೂ ಇರ್ಲಿ. ನಮ್ಮ ಮಗ್ಳ್ ನಮ್ಮ ಮನೆಲಿ ಬದ್‌ಕೊಕು,” ಎಂದಳು, ಮಗಳು ಬದುಕಬೇಕೆಂಬ ಒಂದೇ ಹಠದಲ್ಲಿ.

ಅಪ್ಪ ಬ್ಯಾಟರಿಗಳನ್ನು ಒಂದೊಂದಾಗಿ ಹೆಕ್ಕಿ, ಪಂಚೆಯಲ್ಲಿ ಒರೆಸಿ ಒಳಗೆ ಹೋದರು. ಪತ್ತಾಯದಿಂದ ತೆಗೆದ ರೇಡಿಯೋವನ್ನು ಜಗುಲಿಯ ಮೇಲಿಟ್ಟು, ಬ್ಯಾಟರಿ ಹಾಕಿ, ಗುಂಡಿ ತಿರುಗಿಸುತ್ತಾ ಕೂತರು. ಯಾರ್ಯಾರದೋ ಹಾಡುಗಳು ಬಂದು ಹೋದವು. ಕೊನೆಗೆ ಗೊರಗೊರ ಸದ್ದಿನ ನಡುವೆ ಆಕೆಯ ದನಿ ಕೇಳಿತು. ಅಕ್ಕ ಬಾಗಿಲಿಗೆ ಬಂದಳು. ಅಪ್ಪ ತಲೆ ಎತ್ತದೆ ನನಗೆ, “ಇನ್ನೂ ಜೋರು ಮಾಡ್. ರಸ್ತೆವರೆಗೆ ಕೇಳ್ಲಿ” ಎಂದರು. ಅಕ್ಕ ಕಣಕ್ಕಿಳಿದು ಹಲಗೆ ಹಿಡಿದಳು. ಅವಳು ಅಳುತ್ತಲೇ ಹಾಡಿದಳು, ನಾವು ಕೇಳಿದೆವು.

ನಿಮಗೆ ಈಗ ಯಾವ ಹಾಡು ಬೇಕೆಂದರೂ ಫೋನಿನಲ್ಲಿ ಸಿಗುತ್ತದೆ. ಹಾಡಿದವರ ಜಗಳ, ಮದುವೆ, ವಿಚ್ಛೇದನ ಎಲ್ಲವೂ ಅದರಲ್ಲೇ ಬರುತ್ತದೆ. ಆ ಗಾಯಕಿಯನ್ನು ಅಂದು ಬೈದವರು ಯಾರೂ ಈಗಿಲ್ಲ, ಹಾಡು ಇದೆ. ನಿಮ್ಮ ದೊಡ್ಡಜ್ಜಿ, ಅದೇ ನನ್ನ ಅಕ್ಕ, ಆಮೇಲೆ ಬಿಟ್ಟಂಗಾಲದ ಶಾಲೆಯಲ್ಲಿ ಮಕ್ಕಳಿಗೆ ಹಾಡು ಕಲಿಸುತ್ತಾ ಬದುಕಿದಳಲ್ಲ, ಆ ದಿನ ಜಗುಲಿಗೆ ಬಂದ ದನಿಗೆ ನಾನು ಋಣಿ. ಅದನ್ನು ರಸ್ತೆಗೆ ಕೇಳಿಸಿದ ಅಪ್ಪನಿಗೂ ಋಣಿ. ರಿಮೋಟಿನ ಹಳೆಯ ಬ್ಯಾಟರಿಗಳನ್ನು ನಾನು ಕಿಟಕಿಯ ಬಿಸಿಲಿಗಿಟ್ಟರೆ ಅಜ್ಜಿ ಜಿಪುಣಿ ಎಂದು ರೇಗಿಸುತ್ತೀರಿ. ರೇಗಿಸಿ, ಆದರೆ ಅವನ್ನು ಅಲ್ಲಿಂದ ತೆಗೆಯಬೇಡಿ.